ನಾಲ್ಕು ಹಟ್ಟಿಯ ತಾಳೆ ನೋಡಿದ ಭೀಮಕ್ಕ

ಗಿರಿಯಮ್ಮ ಭೀಮಕ್ಕನ ಹೆಸರನ್ನು ಮೊದಲ ಸಲ ಕೇಳಿದ್ದು, ಮಗಳ ಮದುವೆಯ ವೀಳ್ಯ ಬದಲಾಗದೆ ತಟ್ಟೆಯಲ್ಲೇ ಬಾಡಿದ ದಿನ. ಎಪ್ಪತ್ತಾರನೇ ಇಸವಿಯ ಮಾಘ ಮಾಸ. ಪುರವರದಿಂದ ಎರಡು ಮೈಲಿ ನಡೆದರೆ ಸಿಗುವ ಕುರಿಗಾಹಿಗಳ ಹಟ್ಟಿ ಗಿರಿಯಮ್ಮನದು. ಗಂಡ ತೀರಿಹೋಗಿ ಐದು ವರ್ಷವಾಗಿತ್ತು. ಇದ್ದೊಬ್ಬ ಮಗಳು ಸರಸಮ್ಮನಿಗೆ ಪಾವಗಡದ ಕಡೆಯ ಹಟ್ಟಿಯಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ಪರ್ವತಯ್ಯ ಕಂಬಳಿ ನೇಯುವವನು; ಮಾತು ಕಡಿಮೆ, ಕೈ ಚುರುಕು. ಸರಸಿ ತನ್ನ ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅಂದು ಬೆಳಗ್ಗೆ ಅವಳು ಮೂರು ಸಲ ತಲೆ ಬಾಚಿಕೊಂಡಿದ್ದನ್ನು ತಾಯಿ ನೋಡಿದ್ದಳು.

ವೀಳ್ಯ ಬದಲಾಯಿಸುವ ಮುಂಚೆ ಸಾಲು ಹೇಳಬೇಕು, ಅದು ಅವರ ಪದ್ಧತಿ. ಬುಕ್ಕಾಪಟ್ಟಣದ ಕಡೆ ಒಂದು, ಪುರವರದ ಹತ್ತಿರ ಒಂದು, ಗೊರವನಹಳ್ಳಿ ಕಡೆ ಒಂದು, ಪಾವಗಡದ ಕಡೆ ಒಂದು, ಹೀಗೆ ಚೆದುರಿಹೋದ ನಾಲ್ಕು ಹಟ್ಟಿಯವರೂ ಹಿಂದೆ ಒಂದೇ ಮನೆಯ ನಾಲ್ವರು ಅಣ್ಣತಮ್ಮಂದಿರಿಂದ ಇಳಿದವರು. ಒಬ್ಬೊಬ್ಬನಿಂದ ಈಚೆಗೆ ಯಾರ ಮಗ ಯಾರು ಎಂಬ ಹೆಸರುಗಳ ಸಾಲನ್ನು ಆಯಾ ಹಟ್ಟಿಯ ಹೆಂಗಸರು ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದರು. ಹುಡುಗ ಹುಡುಗಿ ಇಬ್ಬರ ಕಡೆಯೂ ಏಳು ತಲೆ ತುಂಬಿದ್ದರೆ ಹೆಣ್ಣು ಕೊಡಬಹುದು, ತರಬಹುದು. ಒಂದು ಕಮ್ಮಿಯಾದರೂ ಅವರಿಬ್ಬರೂ ಅಣ್ಣತಂಗಿ.

ಪಾವಗಡದವರ ಸಾಲು ಏಳಕ್ಕೆ ಬಂತು. ಪುರವರದ ಸಾಲನ್ನು ಹಟ್ಟಿಯ ಹೆಂಗಸೊಬ್ಬಳು ಕಣ್ಣು ಮುಚ್ಚಿಕೊಂಡು ಹೇಳಿದಳು: “ಬೋರಪ್ಪ, ಸಿದ್ದಪ್ಪ, ಚಿಕ್ಕಬೋರಪ್ಪ, ಈರಪ್ಪ, ಚಿತ್ತಪ್ಪ, ಕಾಟಪ್ಪ.” ಕಾಟಪ್ಪನೆಂದರೆ ಸರಸಿಯ ಅಪ್ಪ. ಬೆರಳು ಮಡಿಸುತ್ತ ಕೂತಿದ್ದ ಯಜಮಾನ ಮೂಡಲಗಿರಿಯಪ್ಪನ ಕೈ ಆರಕ್ಕೆ ನಿಂತುಬಿಟ್ಟಿತು. ಇನ್ನೊಂದು ಸಲ ಹೇಳಿಸಿದ. ಮತ್ತೆ ಆರೇ. ಆ ಹಟ್ಟಿಯಿಂದ ಅದುವರೆಗೆ ಉಳಿದ ಮೂರು ಹಟ್ಟಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ, ತಂದಿರಲಿಲ್ಲ, ಹಾಗಾಗಿ ಬೆರಳು ಮಡಿಸಿ ಎಣಿಸಿದವರೂ ಇರಲಿಲ್ಲ.

ಹುಡುಗನ ಅಪ್ಪ ಅಡವಯ್ಯ ಹೆಗಲ ಮೇಲಿನ ಟವಲು ಕೊಡವಿ ಎದ್ದ. ಪಾವಗಡದ ಕಡೆಯ ತೆಲುಗು ಬೆರೆತ ಮಾತು ಅವನದು. “ಆರೇನಾ? ಅಟ್ಲಾದ್ರೆ ಆಗಲ್ಲಮ್ಮಾ. ಏಮನುಕೋಬ್ಯಾಡಿ, ನಾವು ಹೊರಡ್ತೀವಿ.”

“ಕೂತ್ಕಳಣ್ಣ,” ಎಂದಳು ಗಿರಿಯಮ್ಮ. ಗಂಡಸರ ನಡುವೆ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. “ನಮ್ಮತ್ತೆ ಸಾಯೋಗಂಟ ಒಂದೇ ಮಾತು ಹೇಳ್ತಿದ್ಲು, ನನ್ ಮಗನಿಗೆ ಏಳು ತುಂಬ್ತು ಅಂತ. ಎಲ್ಲೋ ಒಂದು ಹೆಸರು ಉದುರಿ ಹೋಗೈತೆ.”

“ಬೇಕಾದ ಹೆಸರು ಉದುರೈತೆ ಅಂತ ಎಲ್ಲಾರೂ ಅಂತಾರೆ ಕಣಮ್ಮ,” ಎಂದ ಮೂಡಲಗಿರಿಯಪ್ಪ. ವರಸೆಯಲ್ಲಿ ಅವಳಿಗೆ ಬಾವ. ಕೆಟ್ಟವನಲ್ಲ, ಆದರೆ ಕಟ್ಟಳೆ ಬಿಟ್ಟು ಒಂದು ಹೆಜ್ಜೆ ಇಡುವವನೂ ಅಲ್ಲ. “ಅಷ್ಟು ಅನುಮಾನ ಇದ್ರೆ ಬುಕ್ಕಾಪಟ್ಣದ ಭೀಮಕ್ಕನ್ನ ಕೇಳ್ಕಂಡು ಬಾ. ನಮ್ಮ ಸಾಲು ಆಕೆ ಬಾಯಾಗೂ ಐತೆ. ವರ್ಷಕ್ಕೊಂದು ಸಲ ನಾಲ್ಕು ಹಟ್ಟಿ ಸುತ್ತಿ ತಾಳೆ ನೋಡ್ತಿದ್ದೋಳು ಆಕೆನೇ. ಮಂಡಿ ನೋವು ಹಿಡ್ದು, ನೀನು ಈ ಹಟ್ಟಿಗೆ ಸೊಸೆಯಾಗಿ ಬರಾಕೆ ಮುಂಚೇನೇ ಬರಾದು ಬುಟ್ಟವಳೆ.”

ಅಡವಯ್ಯ ಉಗಾದಿಯವರೆಗೆ ಕಾಯುತ್ತೇನೆಂದ. ಆಮೇಲೆ ಬೇರೆ ಹೆಣ್ಣು ನೋಡುವುದು.

ಮೂರನೆಯ ದಿನವೇ ಗಿರಿಯಮ್ಮ ಹೊರಟಳು. ಮಧುಗಿರಿಗೆ ಒಂದು ಬಸ್ಸು, ಶಿರಾಕ್ಕೆ ಇನ್ನೊಂದು. ಶಿರಾದಲ್ಲಿ ಬುಕ್ಕಾಪಟ್ಟಣದ ಬಸ್ಸು ಯಾವುದೆಂದು ತಿಳಿಯದೆ ನಿಂತವಳಿಗೆ ಟೀ ಅಂಗಡಿಯ ಸಾಬರು, “ಬೈಠೋ ಅಮ್ಮಾ, ಬಂದಾಗ ನಾನೇ ಕೂಗ್ತೀನಿ,” ಎಂದು ಬೆಂಚು ತೋರಿಸಿದರು. ಬುಕ್ಕಾಪಟ್ಟಣದಲ್ಲಿ ಇಳಿದು ಕುರುಚಲು ಕಾಡಿನ ಅಂಚಿನಲ್ಲಿ ಒಂದು ಗಂಟೆ ನಡೆದಳು.

ಭೀಮಕ್ಕ ಎಂದರೆ ದೊಡ್ಡ ಹೆಸರಿನ ಮುದುಕಿ, ಜಗಲಿಯ ಮೇಲೆ ಕೂತಿರುತ್ತಾಳೆ ಎಂದು ಅವಳು ಅಂದುಕೊಂಡಿದ್ದಳು. ಆಕೆ ಸಿಕ್ಕಿದ್ದು ಕುರಿಮರಿಗಳ ರೊಪ್ಪದಲ್ಲಿ, ಒಂದು ಕಂಕುಳಲ್ಲಿ ಒಂದು ಮರಿ, ಇನ್ನೊಂದರಲ್ಲಿ ಇನ್ನೊಂದು. ಅರವತ್ತು ದಾಟಿದ ಉದ್ದನೆಯ ಹೆಂಗಸು. ಬಲಗಾಲನ್ನು ಎಳೆದು ನಡೆಯುತ್ತಿದ್ದಳು. ಗಂಡ ಯತ್ತಪ್ಪನಿಗೆ ಕಣ್ಣು ಮಂಜು. ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದವನು ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದ.

“ಯಾರೋ ಬಂದ್ರು ಕಣೆ. ಚಪ್ಪಲಿ ಸದ್ದು ಪುರವರದ ಕಡೇದು.”

“ಚಪ್ಪಲಿಗೂ ಊರು ಐತೇನು? ಸುಮ್ಕೆ ಹೊಸಿ,” ಎಂದು ಗಂಡನ ಕಡೆಗೆ ಗದರಿ, ಭೀಮಕ್ಕ ಬಂದವಳ ಮುಖ ನೋಡಿದಳು. “ನೀರು ಆಮೇಲೆ ಕೊಡ್ತೀನಿ. ಮೊದ್ಲು ಸಾಲಿನ ಮಾತು. ಅದ್ಕೇ ತಾನೆ ಬಂದಿರಾದು? ನನ್ ತಾವ ಇನ್ಯಾವುದಕ್ಕೂ ಯಾರೂ ಬರಲ್ಲ.”

ನಡೆದದ್ದನ್ನೆಲ್ಲ ಗಿರಿಯಮ್ಮ ಹೇಳಿದಳು. ಭೀಮಕ್ಕ ಮರಿಗಳನ್ನು ಒಂದೊಂದೇ ತಾಯಿಯ ಕೆಳಗೆ ಬಿಡುತ್ತ, ಇವಳಿಗೆ ಬೆನ್ನು ಹಾಕಿಕೊಂಡೇ ಪುರವರದ ಸಾಲು ಹೇಳಿದಳು. ಬೀಸುವ ಕಲ್ಲಿನ ಗತಿಯಲ್ಲಿ ಹೆಸರುಗಳು ಉರುಳಿ ಬಂದವು. ಗಿರಿಯಮ್ಮ ಬೆರಳು ಮಡಿಸಿದಳು. ಬೋರಪ್ಪ, ಸಿದ್ದಪ್ಪ, ಚಿಕ್ಕಬೋರಪ್ಪ, ಈರಪ್ಪ, ಚಿತ್ತಪ್ಪ, ಕಾಟಪ್ಪ. ಆರು.

ಮಡಿಸಿದ ಬೆರಳನ್ನೇ ಅವಳು ಎತ್ತಿ ಹಿಡಿದಳು. “ನಿಮ್ಮದೂ ಆರೇ ಅಕ್ಕಾ. ನಮ್ಮದೂ ಆರು. ಇನ್ನೇನು ಉಳೀತು? ಎರಡೂ ತಾಳೆ ಆಯ್ತಲ್ಲ.”

ಭೀಮಕ್ಕ ತಿರುಗಿ ನಿಂತಳು. “ಆರಾ?” ಎಂದಳು. ಸಾಲು ಹೇಳುವವರು ಎಣಿಸಬಾರದು, ಎಣಿಸಿದರೆ ಹೆಸರು ಓಡಿಹೋಗುತ್ತದೆ ಎಂಬುದು ಅವರ ನಂಬಿಕೆ. ಅವಳು ಜೀವಮಾನದಲ್ಲಿ ಎಣಿಸಿರಲಿಲ್ಲ. ಕೊನೆಯ ಮರಿಯನ್ನು ಕೆಳಗಿಳಿಸಿ ಹೇಳಿದಳು: “ತಾಳೆ ಆಯ್ತು ಅಂತ ಯಾರು ಹೇಳಿದ್ರು ನಿಂಗೆ? ನಲವತ್ತು ವರ್ಷದ ಹಿಂದೆ ನಿಮ್ಮಟ್ಟಿಗೆ ವಾಂತಿಭೇದಿ ಬಂದು ಸಾಲು ಬಲ್ಲೋರೆಲ್ಲ ಒಂದೇ ವಾರದಾಗೆ ಹೊಂಟೋದ್ರು. ಆಗ ನಾನೇ ಬಂದು, ಎರಡು ತಿಂಗಳು ಇದ್ದು, ರಾಗಿ ಬೀಸ್ತಾ ಬೀಸ್ತಾ ನಿಮ್ಮ ಹೆಣ್ಮಕ್ಕಳಿಗೆ ಕಲಿಸ್ದೆ. ನಿಮ್ಮ ಬಾಯಾಗಿರಾದೂ ನನ್ ಮಾತೇ, ನನ್ ಬಾಯಾಗಿರಾದೂ ನನ್ ಮಾತೇ. ನಾನು ತಪ್ಪಿದ್ರೆ ನೀವೂ ತಪ್ಪಿರ್ತೀರ. ಇದು ತಾಳೆ ಅಲ್ಲ ಕಣಮ್ಮ, ಒಂದೇ ಮುಖನ ಎರಡು ಕನ್ನಡಿಯಾಗೆ ನೋಡ್ದಂಗೆ.”

“ಮತ್ತೆ?”

“ಕಲ್ಲು ನೋಡ್ಬೇಕು.”

ಆಗ ಗಿರಿಯಮ್ಮನಿಗೆ ಗೊತ್ತಾಗಿದ್ದು, ಹೆಸರು ಎರಡು ಹಟ್ಟಿಯಲ್ಲಿದ್ದರೆ ಲೆಕ್ಕ ಮೂರನೆಯ ಹಟ್ಟಿಯಲ್ಲಿರುತ್ತದೆ ಎಂದು. ಸಾಲಿನ ಒಬ್ಬೊಬ್ಬ ಗಂಡಸು ಸತ್ತಾಗಲೂ ಒಂದು ಕಲ್ಲು ಆ ಹಟ್ಟಿಯ ಗಡಿಗೆಗೆ ಬೀಳುತ್ತದೆ. ಪುರವರದ ಗಡಿಗೆ ಗೊರವನಹಳ್ಳಿ ಕಡೆಯ ಹಟ್ಟಿಯಲ್ಲಿತ್ತು. ಕಲ್ಲು ಕಾಯುವವಳಿಗೆ ಹೆಸರು ಗೊತ್ತಿರಬಾರದು, ಹೆಸರು ಬಲ್ಲವಳು ಕಲ್ಲು ತನ್ನ ಬಳಿ ಇಟ್ಟುಕೊಂಡಿರಬಾರದು. ಯಾರಾದರೂ ಬೇಕೆಂದೇ ಒಂದು ಹೆಸರು ಸೇರಿಸಿದರೆ, ಬಿಟ್ಟರೆ, ಕಲ್ಲು ಹಿಡಿದುಕೊಡುತ್ತದೆ.

“ನೀನು ಹೋಗಿ ಎಣಿಸ್ಕಂಡು ಬಂದ್ರೆ ಯಾರೂ ನಂಬಲ್ಲ, ನಿಂದು ಮಗಳ ಮದುವೆ,” ಎಂದು ಭೀಮಕ್ಕ ಕಂಬಳಿ ಹೆಗಲಿಗೆ ಹಾಕಿಕೊಂಡಳು. “ನಾನೇ ಬರ್ತೀನಿ. ಒಂದು ಮಾತು ಮಾತ್ರ ಈಗ್ಲೇ ಹೇಳ್ಬುಡ್ತೀನಿ. ಕಲ್ಲು ಆರಿದ್ರೆ ಆರು ಅಂತ್ಲೇ ನಿಮ್ಮಟ್ಟಿ ನಡುಮಧ್ಯೆ ನಿಂತು ಹೇಳ್ತೀನಿ. ನಿನ್ ಮಗಳ ಮುಖ ನೋಡಿ ಒಂದು ಸೇರ್ಸು ಅಂತ ಕೇಳಬ್ಯಾಡ.”

“ಕೇಳಲ್ಲ ಅಕ್ಕ,” ಎಂದಳು ಗಿರಿಯಮ್ಮ. ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡಳು.

“ಮಂಡಿ?” ಎಂದ ಯತ್ತಪ್ಪ ಮರದ ಕೆಳಗಿಂದ.

“ಮಂಡಿನೂ ಬತ್ತದೆ, ಬುಟ್ಟು ಹೋಗಕ್ಕಾಯ್ತದಾ?”

ಮಾರನೆಯ ದಿನ ಇಬ್ಬರೂ ಬಸ್ಸು ಹಿಡಿದರು. ಕೊರಟಗೆರೆಯಿಂದ ಮುಂದಕ್ಕೆ ಗೊರವನಹಳ್ಳಿಯ ಲಕ್ಷ್ಮಿಗೆ ಹೊರಟ ಹೆಂಗಸರಿಂದ ಬಸ್ಸು ತುಂಬಿಹೋಗಿತ್ತು. ಭೀಮಕ್ಕ ದಾರಿಯುದ್ದಕ್ಕೂ ನಿಂತೇ ಬಂದಳು. ಯಾರೋ ಜಾಗ ಬಿಟ್ಟುಕೊಟ್ಟರೆ, “ಒಂದು ಸಲ ಕೂತ್ರೆ ಏಳಕ್ಕಾಗಲ್ಲ, ನೀವೇ ಕೂರಿ,” ಎಂದಳು.

ಕಲ್ಲು ಕಾಯುವವಳು ಮಹಾಲಕ್ಷ್ಮಮ್ಮ. ಭೀಮಕ್ಕನ ವಾರಿಗೆಯವಳು, ಬಾಯಿ ಜೋರು. “ಬಂದ್ಯಾ? ನಮ್ಮತ್ತೆ ಸತ್ತು ಹನ್ನೆರಡು ವರ್ಷ ಆಯ್ತು, ಅವತ್ತಿಂದ ಒಬ್ರಾದ್ರೂ ಕಲ್ಲು ಅಂತ ಈ ಕಡೆ ತಲೆ ಹಾಕಿದ್ರೆ ಕೇಳು. ಐದು ವರ್ಷದ ಹಿಂದೆ ಪುರವರದೋರು ಯಾರೋ ಬಂದು ಒಂದು ಕಲ್ಲು ಹಾಕಿ, ಮಜ್ಜಿಗೆ ಕುಡ್ದು ಹೋದ್ರು. ಅಷ್ಟೆ.”

ಅದು ತನ್ನ ಗಂಡನ ಕಲ್ಲು ಎಂದು ಗಿರಿಯಮ್ಮನಿಗೆ ಗೊತ್ತಾಯಿತು. ಅವಳು ಸೆರಗು ಬಿಗಿದು ಕೂತಳು.

ಅಟ್ಟದಿಂದ ಇಳಿದ ಗಡಿಗೆಗೆ ಬಟ್ಟೆ ಕಟ್ಟಿತ್ತು. ಗಂಟು ಬಿಚ್ಚಿ ಕಂಬಳಿಯ ಮೇಲೆ ಸುರಿದರು. ಮಹಾಲಕ್ಷ್ಮಮ್ಮ ಎಣಿಸಿದಳು. ಏಳು.

ಗಿರಿಯಮ್ಮ ತಡೆಯಲಾರದೆ, “ಏಳು!” ಎಂದು ಕೂಗಿದಳು.

“ಕುಣೀಬ್ಯಾಡ ಇರು,” ಎಂದಳು ಭೀಮಕ್ಕ. “ಒಂದು ಕಲ್ಲು ತಪ್ಪಿ ಬಿದ್ದಿರಬೈದು. ಕಲ್ಲು ಹೆಚ್ಚೋ ಹೆಸರು ಕಮ್ಮಿಯೋ, ಈಗ ಗೊತ್ತಾಗ್ಬೇಕು. ಒಂದು ಹೆಸರಿಗೆ ಒಂದು ಕಲ್ಲು ಇಟ್ಕಂಡು ಬರ್ತೀನಿ. ಕೊನೇಗೆ ಏನು ಉಳಿತದೆ ನೋಡಿ.”

ಮೂವರೂ ಎದುರುಬದುರು ಕೂತಿದ್ದರು. ಭೀಮಕ್ಕ ಕಣ್ಣು ಮುಚ್ಚಿದಳು. ಬೋರಪ್ಪ, ಒಂದು ಕಲ್ಲು. ಸಿದ್ದಪ್ಪ, ಇನ್ನೊಂದು. ಮುಂದೆ ಅವಳ ಎಡಗೈ ತಾಳಿಯ ಮೇಲೆ ಹೋಯಿತು, ತಲೆ ಸ್ವಲ್ಪ ಬಾಗಿತು, ಬಲಗೈ ಒಂದು ಕಲ್ಲು ಇಟ್ಟಿತು. ಬಾಯಿಂದ ಏನೂ ಬರಲಿಲ್ಲ. ಆಮೇಲೆ ಚಿಕ್ಕಬೋರಪ್ಪ, ಈರಪ್ಪ, ಚಿತ್ತಪ್ಪ, ಕಾಟಪ್ಪ.

ಕಣ್ಣು ಬಿಟ್ಟಳು. ಕಲ್ಲು ಒಂದೂ ಉಳಿದಿರಲಿಲ್ಲ. “ನೋಡ್ದಾ? ಸರಿಹೋಯ್ತು. ಏಳು ಹೆಸರು, ಏಳು ಕಲ್ಲು,” ಎಂದಳು.

ಗಿರಿಯಮ್ಮ ಮೆಲ್ಲಗೆ ಹೇಳಿದಳು: “ಅಕ್ಕಾ, ನಿಮ್ಮ ಕೈ ಏಳು ಇಡ್ತು. ಬಾಯಿ ಆರೇ ಹೇಳ್ತು.”

“ಏನಂದೆ?”

“ಸಿದ್ದಪ್ಪ ಆದ್ಮೇಲೆ ಒಂದು ಕಲ್ಲು ಸುಮ್ನೆ ಇಟ್ರಿ. ಹೆಸರು ಹೇಳ್ಲಿಲ್ಲ.”

“ಹೇಳ್ದೆ.”

“ಇಲ್ಲ ಅಕ್ಕ.”

ಮಹಾಲಕ್ಷ್ಮಮ್ಮ ಎರಡು ಸಲ ಕಣ್ಣು ಪಿಳುಕಿಸಿ, ತೊಡೆ ತಟ್ಟಿಕೊಂಡು ನಗತೊಡಗಿದಳು. “ಲೇ ಭೀಮಿ! ನಿನ್ ಬಾಯಿಗೆ ಬಾರದ ಹೆಸರು ಲೋಕದಾಗೆ ಒಂದೇ ಕಣೆ! ನಿನ್ ಗಂಡಂದು! ಸಾಲಿನಾಗಿರೋ ಆ ಹಳೇ ಮನುಷ್ಯನ ಹೆಸರೂ ಅದೇ ಇರಬೇಕು! ನಮ್ಮತ್ತೆ ನಿನ್ ಎದುರಿಗೇ ಕೂತು ಕಲ್ಲು ಇಡ್ತಿದ್ಲು. ಕೈ ತಾಳಿಗೆ ಹೋದ್ರೆ ಅದೂ ಒಂದು ಅಂತ ಅವಳಿಗೆ ಗೊತ್ತಿತ್ತು. ಅದ್ಕೇ ಯಾವಾಗ್ಲೂ ಸರಿ ಬರ್ತಿತ್ತು.”

ಭೀಮಕ್ಕ ನಗಲಿಲ್ಲ. ಮೂರನೆಯ ಕಲ್ಲನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಅವಳ ಮಟ್ಟಿಗೆ ಆ ಹೆಸರು ಎಂದೂ ಬಿಟ್ಟುಹೋಗಿರಲಿಲ್ಲ. ತಾಳಿ ಮುಟ್ಟಿಕೊಂಡು ಮನಸ್ಸಿನಲ್ಲಿ ಹೇಳಿಕೊಂಡರೆ ಹೇಳಿದಂತೆಯೇ ಎಂದು ಅವಳ ಅತ್ತೆ ಕಲಿಸಿದ್ದಳು. ಆದರೆ ಪುರವರದ ಹೆಣ್ಣುಮಕ್ಕಳು ಕಲಿತದ್ದು ಬೀಸುವ ಕಲ್ಲಿನ ಮುಂದೆ. ಕಣ್ಣು ಹಿಟ್ಟಿನ ಮೇಲೆ, ಕೈ ಗೂಟದ ಮೇಲೆ. ಕೇಳಿದ್ದನ್ನಷ್ಟೇ ಕಲಿತರು. ವರ್ಷ ವರ್ಷ ಅವಳು ತಾಳೆ ನೋಡಲು ಬಂದಾಗ ಅವರು ಸಿದ್ದಪ್ಪನಿಂದ ನೇರ ಚಿಕ್ಕಬೋರಪ್ಪನಿಗೆ ಹೋಗುತ್ತಿದ್ದರು. ತನ್ನ ಮುಂದೆ ತನ್ನ ಗಂಡನ ಹೆಸರು ಹಿಡಿಯಬಾರದೆಂದು ಮರ್ಯಾದೆಗೆ ಬಿಡುತ್ತಿದ್ದಾರೆ ಎಂದುಕೊಂಡು, ಆ ಜಾಗವನ್ನು ಅವಳೇ ಒಳಗೊಳಗೇ ತುಂಬಿಕೊಂಡು ಮುಂದಕ್ಕೆ ಹೋಗಿದ್ದಳು.

“ನಾಲ್ಕು ಹಟ್ಟಿಯೋರ ತಪ್ಪು ಹುಡುಕ್ತಾ ತಿರುಗ್ದೆ,” ಎಂದಳು ಕೊನೆಗೆ. “ತಪ್ಪು ಬಿತ್ತಿದ್ದೋಳು ನಾನೇ.”

“ಹೋಗ್ಲಿ ಬುಡು,” ಎಂದಳು ಮಹಾಲಕ್ಷ್ಮಮ್ಮ. “ನಾನು ಬಂದು ಹೇಳ್ತೀನಿ. ಮೂರನೇದು ಯತ್ತಪ್ಪ ಅಂತ.”

“ನೀನು ಹೇಳಿದ್ರೆ ಆಗಲ್ಲ. ಕಲ್ಲು ಕಾಯೋಳು ನೀನು. ಕಲಿಸಿದ ಬಾಯೇ ತಿದ್ದಬೇಕು.”

ಆ ಮಾತಿನ ಭಾರ ಗಿರಿಯಮ್ಮನಿಗೆ ಆಗಲೇ ತಿಳಿಯಿತು. ಗಂಡ ಬದುಕಿರುವಾಗ ಹೆಂಡತಿ ಅವನ ಹೆಸರು ಕೂಗಿದರೆ ಅವನ ಆಯುಸ್ಸಿಗೆ ಕುತ್ತು ಎಂದು ನಾಲ್ಕು ಹಟ್ಟಿಯಲ್ಲೂ ನಂಬಿದ್ದರು. ಗಂಡ ಸತ್ತ ಮೇಲೂ ಅವಳೇ ಇನ್ನೂ ಆ ಹೆಸರನ್ನು ಆಡಿರಲಿಲ್ಲ; ‘ಸರಸಿಯಪ್ಪ’ ಎನ್ನುತ್ತಿದ್ದಳು. ಹಾಗಿರುವಾಗ ಈ ಹೆಂಗಸನ್ನು ‘ನನ್ನ ಮಗಳಿಗೋಸ್ಕರ ಹೇಳು’ ಎಂದು ಕೇಳುವುದು ಹೇಗೆ? ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ಹೇಳಿಬಿಟ್ಟಳು: “ಬ್ಯಾಡ ಅಕ್ಕ. ಸರಸಿಗೆ ಬೇರೆ ಗಂಡು ನೋಡ್ತೀನಿ.”

“ಇದು ನಿನ್ ಸರಸಿ ಮದುವೆ ಮಾತು ಅಂದ್ಕಂಡಿದ್ದೀಯಾ?” ಭೀಮಕ್ಕ ಕಂಬಿ ಬಿಗಿಯಾಗಿ ಹಿಡಿದಿದ್ದಳು. “ತಪ್ಪು ಅಂತ ಗೊತ್ತಾದ ಮ್ಯಾಲೆ ನಾನು ಹೆಂಗೆ ಮಲಗ್ಲಿ? ನಾನು ಸತ್ರೆ ಸಾಲಿನ ಆ ಮೂರನೇ ಮನುಷ್ಯ ಹುಟ್ಲೇ ಇಲ್ಲ ಅಂತ ಆಯ್ತದೆ.”

ಉಗಾದಿಗೆ ಐದು ದಿನ ಇರುವಾಗ ಪುರವರದ ಹಟ್ಟಿಯ ಹೊಂಗೆಮರದ ಕೆಳಗೆ ಜನ ಸೇರಿದರು. ಅಡವಯ್ಯನೂ ಮಗನನ್ನು ಕರೆದುಕೊಂಡು ಬಂದಿದ್ದ. ಮಹಾಲಕ್ಷ್ಮಮ್ಮ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಲ್ಲರಿಗಿಂತ ತಡವಾಗಿ ಭೀಮಕ್ಕ ಬಂದಳು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಗಂಡನ ಕೈ.

ಕಲ್ಲು ಏಳು ಎಂದು ಎಲ್ಲರ ಮುಂದೆ ಎಣಿಸಿಯಾಯಿತು. ಮೂಡಲಗಿರಿಯಪ್ಪ ತಲೆ ಅಲ್ಲಾಡಿಸಿದ. “ಕಲ್ಲಿಗೆ ಬಾಯಿ ಇಲ್ಲ. ಯಾರೋ ಎರಡು ಹಾಕಿರಬೈದು. ಇಷ್ಟು ವರ್ಷ ಇಲ್ಲದ ಹೆಸರು ಮದುವೆ ಹೊತ್ತಿಗೆ ಸರಿಯಾಗಿ ಬಂತು ಅಂದ್ರೆ ಪಾವಗಡದೋರು ಏನಂದ್ಕಂಡಾರು?”

“ನಿಜಮೇ,” ಎಂದ ಅಡವಯ್ಯ. “ಸುಮ್ನೆ ಒಂದು ಹೆಸರು ಹುಟ್ಟಿಸ್ಕಂಡ್ರೆ?”

ಭೀಮಕ್ಕ ನಿಂತಲ್ಲಿಂದಲೇ ಕೇಳಿದಳು: “ಯಾರದ್ದೋ ಮಗಳ ಮದುವೆಗೆ ಸುಳ್ಳೇ ನನ್ ಗಂಡನ ಹೆಸರು ಬಾಯಾಗೆ ತರ್ತೀನೇನಣ್ಣ? ನಿನ್ನೆಂಡ್ರು ತರ್ತಾಳಾ? ಇಲ್ಲಿರೋ ಹೆಣ್ಮಕ್ಕಳಾಗೆ ಒಬ್ಬಳು ತರ್ತಾಳಾ?”

ಅವಳು ಗಂಡನ ಕಡೆ ತಿರುಗಿದಳು. ಎರಡು ಸಲ ಬಾಯಿ ತೆರೆದಳು, ಮುಚ್ಚಿದಳು.

“ಹೇಳೆ,” ಎಂದ ಯತ್ತಪ್ಪ. “ನನ್ ಆಯಸ್ಸು ನಿನ್ ನಾಲಿಗೆ ಮ್ಯಾಲೆ ಕೂತೈತಾ? ಕೂತಿದ್ರೆ ನೀನು ಬೈದ ಬೈಗುಳಕ್ಕೆ ಯಾವಾಗ್ಲೋ ಸತ್ತೋಗ್ತಿದ್ದೆ.”

ಜನ ಮುಸಿಮುಸಿ ನಕ್ಕರು. ಭೀಮಕ್ಕ ಕೋಲನ್ನು ನೆಲಕ್ಕೆ ಒತ್ತಿ ನೆಟ್ಟಗೆ ನಿಂತಳು. ಸಾಲನ್ನು ಮೊದಲಿನಿಂದ ಹಿಡಿದಳು. ಈ ಸಲ ಬೀಸುವ ಕಲ್ಲಿನ ಗತಿಯಿಲ್ಲ, ಒಂದೊಂದು ಹೆಸರೂ ಬೇರೆಬೇರೆಯಾಗಿ ಬಿತ್ತು. “ಬೋರಪ್ಪ. ಬೋರಪ್ಪನ ಮಗ ಸಿದ್ದಪ್ಪ. ಸಿದ್ದಪ್ಪನ ಮಗ...” ಎಡಗೈ ಮೇಲಕ್ಕೆದ್ದಿತು. ಅದನ್ನು ಅವಳೇ ಕೆಳಕ್ಕಿಳಿಸಿಕೊಂಡಳು. “ಯತ್ತಪ್ಪ.”

“ಓ!” ಎಂದ ಯತ್ತಪ್ಪ, ಯಾರೋ ಕರೆದರು ಎಂಬಂತೆ.

ಹೊಂಗೆಮರದ ಕೆಳಗೆ ನಗು ಎದ್ದು ಬಹಳ ಹೊತ್ತು ನಿಲ್ಲಲಿಲ್ಲ. ಅಡವಯ್ಯ ಟವಲಿನಲ್ಲಿ ಕಣ್ಣೊರೆಸಿಕೊಂಡ. ಭೀಮಕ್ಕ ಒಬ್ಬಳೇ ನಗದೆ, ಸಾಲನ್ನು ಕಾಟಪ್ಪನವರೆಗೂ ಮುಗಿಸಿ, ಮತ್ತೆ ಮೂರು ಸಲ ಹಟ್ಟಿಯ ಹೆಣ್ಣುಮಕ್ಕಳಿಂದ ಹೇಳಿಸಿ, ಆಮೇಲೆ ನೀರು ಕೇಳಿದಳು. ವೀಳ್ಯ ಅಂದೇ ಬದಲಾಯಿತು. ಯತ್ತಪ್ಪ ಅದಾದ ಮೇಲೆ ಆರು ವರ್ಷ ಬದುಕಿದ್ದು, ಸರಸಿಯ ಎರಡನೆಯ ಕೂಸನ್ನು ತೊಡೆಯ ಮೇಲೆ ಆಡಿಸಿಯೇ ಹೋದ.

ಆ ವರ್ಷದಿಂದ ಭೀಮಕ್ಕ ಬಿಟ್ಟಿದ್ದ ಸುತ್ತಾಟವನ್ನು ಮತ್ತೆ ಹಿಡಿದಳು, ಗಿರಿಯಮ್ಮ ಅವಳ ಜೊತೆ ಹೊರಟಳು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲುಗಳು ಮೂಲೆ ಸೇರಿದ್ದವು. ಸಾಲು ಹೇಳಲು ಹೆಂಗಸರಿಗೆ ಹೊತ್ತೂ ಇರಲಿಲ್ಲ, ಜಾಗವೂ ಇರಲಿಲ್ಲ. ಭೀಮಕ್ಕ ಬಿಡಲಿಲ್ಲ. ಬಾವಿಕಟ್ಟೆಯಲ್ಲಿ ಹೇಳಿಸಿದಳು, ಕಡಲೆಕಾಯಿ ಬಿಡಿಸುವಲ್ಲಿ ಹೇಳಿಸಿದಳು. ಮುಖ ನೋಡಿಕೊಂಡೇ ಹೇಳಬೇಕು, ಗಟ್ಟಿಯಾಗಿ ಹೇಳಬೇಕು ಎಂದು ಹೊಸ ಕಟ್ಟಳೆ ಮಾಡಿದಳು. ಗಂಡನ, ಮಾವನ, ಬಾವನ ಹೆಸರಿನ ಜಾಗದಲ್ಲಿ ತಡವರಿಸಿದವರನ್ನು ಕಂಡರೆ, “ಬಾಯಿಬುಡು. ನಂದೂ ಬುಡಿಸವ್ರೆ,” ಎನ್ನುತ್ತಿದ್ದಳು. ಹಾಗೆ ಹುಡುಕಿ ಇನ್ನೂ ಎರಡು ಹೆಸರು ಸಿಕ್ಕವು, ಪಾವಗಡದ ಸಾಲಿನಲ್ಲಿ ಒಂದು, ಬುಕ್ಕಾಪಟ್ಟಣದ್ದರಲ್ಲೇ ಒಂದು. “ಶಾಲೆ ಮೇಷ್ಟ್ರ ತಾವ ಬರೆಸಿಬಿಡಿ ಅಜ್ಜಿ,” ಎಂದು ಯಾರೋ ಅಂದರೆ, “ಬರೆಸ್ರಪ್ಪ, ಒಳ್ಳೇದೇ. ಆದ್ರೆ ಎರಡು ಕಡೆ ಬರೆಸಿ, ಒಬ್ಬನೇ ಮೇಷ್ಟ್ರ ತಾವ ಬ್ಯಾಡ,” ಎಂದಳು.

ಎಂಬತ್ತೈದನೇ ಇಸವಿಯಲ್ಲಿ ಅವಳು ಹಾಸಿಗೆ ಹಿಡಿದಳು. ಗಿರಿಯಮ್ಮ ಬುಕ್ಕಾಪಟ್ಟಣಕ್ಕೆ ಹೋಗಿ ಎಂಟು ದಿನ ಇದ್ದಳು. ಅಷ್ಟು ಹೊತ್ತಿಗೆ ನಾಲ್ಕು ಸಾಲೂ ಅವಳ ಬಾಯಲ್ಲಿದ್ದವು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಭೀಮಕ್ಕ ಲೋಟವನ್ನು ಪಕ್ಕಕ್ಕೆ ಸರಿಸಿ, ನಾಲ್ಕನ್ನೂ ಹೇಳು ಎಂದಳು. ಗಿರಿಯಮ್ಮ ಮುಖ ನೋಡಿಕೊಂಡು ಹೇಳಿದಳು, ತನ್ನ ಗಂಡ ಕಾಟಪ್ಪನ ಹೆಸರನ್ನೂ ಸೇರಿಸಿ, ಎಲ್ಲೂ ನಿಲ್ಲದೆ.

“ಸರಿಯಾಯ್ತಾ ಅಕ್ಕ?”

“ನಂಗೆ ಸರಿ ಅನಿಸ್ತು,” ಎಂದಳು ಭೀಮಕ್ಕ. “ಅದೇ ಭಯ. ನೀನು ನನ್ನಿಂದ ಕಲ್ತೋಳು. ನಂಗೆ ಕಾಣದ ತಪ್ಪು ನಿಂಗೂ ಕಾಣಲ್ಲ. ಪಾವಗಡದ ಕಡೆ ನನ್ ಹತ್ರ ಕಲೀದೆ ಇರೋ ಹೆಣ್ಮಗಳು ಒಬ್ಬಳಾದ್ರೂ ಇರ್ತಾಳೆ. ಹುಡುಕು. ಅವಳ ಎದುರಿಗೆ ಕೂತು ನಾಲ್ಕು ಸಾಲೂ ಒಪ್ಪಿಸು.”

“ಆಯ್ತು ಅಕ್ಕ.”

“ಇನ್ನೊಂದು. ಅವಳು ನಿನ್ ತಪ್ಪು ಹಿಡಿದ್ರೆ ಸಿಟ್ಟು ಮಾಡ್ಕಬ್ಯಾಡ. ಕೂರಿಸಿ ಊಟಕ್ಕಿಕ್ಕು.”